ಚಿಗಳಿಯ ಕ್ಯಾಲೆಂಡರ್

ಮೊದಲೇ ಹೇಳಿಬಿಡುತ್ತೇನೆ, ಇದು ಒಂದು ಮೊಲದ ಗರ್ಭಕೋಶದ ಕಥೆ. ನಗು ಬಂದರೆ ನಕ್ಕುಬಿಡಿ, ಪರವಾಗಿಲ್ಲ. ಮೈಸೂರಿನಲ್ಲಿರುವ ನಮ್ಮಮ್ಮನೂ ಫೋನಿನಲ್ಲಿ ನಕ್ಕಿದ್ದಳು, ಜಪಾನಿಗೆ ಹೋಗಿ ಮೊಲಕ್ಕೆ ಹೆರಿಗೆ ಡಾಕ್ಟರನ್ನ ಹುಡುಕ್ತಿದ್ದೀಯಲ್ಲೇ ಅಂತ. ಅದೇ ಅಮ್ಮ ಆಮೇಲೆ ಬೆಳಗ್ಗೆ ಎದ್ದು ಕಾಫಿಗೆ ಮುಂಚೆ ಫೋನ್ ಮಾಡಿ, ಹಿಕ್ಕೆ ಹಾಕಿದಳಾ ಅಂತ ಕೇಳುವ ಹಾಗಾಯಿತು. ಹೆಣ್ಣು ಮೊಲ ಸಾಕಿರುವವರು ಯಾರಾದರೂ ಓದಿದರೆ ನಾನು ಮಾಡಿದ ತಪ್ಪನ್ನು ಮಾಡದಿರಲಿ ಅಂತ ಬರೆಯುತ್ತಿದ್ದೇನೆ. ಮೊಲ ಸಾಕದವರೂ ಓದಬಹುದು.

ನಾನು ಒಂದು ಕಡೆ ಕೂರುವವಳಲ್ಲ. ಇವಳ ಕಾಲಿಗೆ ಚಕ್ರ ಇದೆ ಅಂತ ಚಿಕ್ಕಂದಿನಿಂದ ಅನ್ನಿಸಿಕೊಂಡವಳು. ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುತ್ತೇನೆ, ಅಂದರೆ ಬೇರೆಯವರ ತಪ್ಪು ಹುಡುಕುವುದೇ ನನ್ನ ಹೊಟ್ಟೆಪಾಡು. ಜಪಾನಿನ ಈ ನಿಶಿ ಕಸಾಯಿಗೆ ಬಂದು ಹನ್ನೊಂದು ವರ್ಷ. ಗಂಡ ಶಶಿ ತೋಜಾಯ್ ಲೈನ್ ರೈಲು ಹಿಡಿದು ಆಫೀಸಿಗೆ ಹೋಗುತ್ತಾನೆ, ಮಗಳು ಅದಿತಿ ಇಲ್ಲೇ ಹುಟ್ಟಿದವಳು, ನಾಲ್ಕನೇ ಕ್ಲಾಸು. ಅವಳ ಹತ್ತಿರ ಕನ್ನಡದಲ್ಲಿ ಕೇಳಿದರೆ ಉತ್ತರ ಜಪಾನಿ ಭಾಷೆಯಲ್ಲಿ ಬರುತ್ತದೆ. ತೀರಾ ಮನಸ್ಸು ಮುಟ್ಟಿದಾಗ ಮಾತ್ರ ಕನ್ನಡ.

ಅವಳಿಗೆ ನಾಯಿ ಬೇಕಿತ್ತು, ನಮ್ಮ ಅಪಾರ್ಟ್‌ಮೆಂಟಿನಲ್ಲಿ ನಾಯಿಗೆ ಅನುಮತಿ ಇಲ್ಲ. ಹಟ ಮಾಡಿ ಮಾಡಿ ಕೊನೆಗೆ ಕಳೆದ ವರ್ಷ ವಸಂತದಲ್ಲಿ ಎರಡು ತಿಂಗಳ ಹೆಣ್ಣು ಮೊಲದ ಮರಿ ಮನೆಗೆ ಬಂತು. ಎಳ್ಳು ಬೆಲ್ಲ ಕುಟ್ಟಿ ಕಟ್ಟಿದ ಉಂಡೆಯ ಬಣ್ಣ. ಅದಕ್ಕೇ ನಾನು ಚಿಗಳಿ ಅಂತ ಹೆಸರಿಟ್ಟೆ. ನಮ್ಮ ಕಡೆ ಹುಡುಗಿ ದೊಡ್ಡವಳಾದರೆ ಆರತಿ ಮಾಡಿ ಚಿಗಳಿ ತಿನ್ನಿಸುತ್ತಾರೆ ಅಂತ ಅಮ್ಮ ನೆನಪಿಸಿದಳು. ಅದೆಲ್ಲ ಈಗ ಯಾಕಮ್ಮ ಅಂತ ಮಾತು ಮರೆಸಿದೆ.

ಚಿಗಳಿ ಐದು ತಿಂಗಳು ತುಂಬುತ್ತಿದ್ದ ಹಾಗೆ ಬೇರೆಯೇ ಪ್ರಾಣಿಯಾದಳು. ಮಡಿಲಲ್ಲಿ ನಿದ್ದೆ ಮಾಡುತ್ತಿದ್ದವಳು ಈಗ ನನ್ನ ಕಾಲ ಸುತ್ತ ಗುರ್ ಗುರ್ ಅಂತ ಸುತ್ತುತ್ತಿದ್ದಳು. ಗೂಡಿಗೆ ಕೈ ಹಾಕಿದರೆ ಕಚ್ಚುತ್ತಿದ್ದಳು, ಶಶಿಯ ಲ್ಯಾಪ್‌ಟಾಪ್ ಬ್ಯಾಗಿನ ಮೇಲೆ ಉಚ್ಚೆ ಹೊಯ್ಯುತ್ತಿದ್ದಳು. ಮನೆಯಲ್ಲಿ ನಾನೊಬ್ಬಳು ನಿಂತಲ್ಲಿ ನಿಲ್ಲದವಳು ಸಾಲದು ಅಂತ ಇನ್ನೊಬ್ಬಳು. ಒಂದು ಭಾನುವಾರ ನೋಡಿದರೆ ಬಾಯಿ ತುಂಬ ಒಣಹುಲ್ಲು ಕಚ್ಚಿಕೊಂಡು ಮೂಲೆಯಿಂದ ಮೂಲೆಗೆ ಓಡಾಡುತ್ತಿದ್ದಾಳೆ. ಆಮೇಲೆ ತನ್ನ ಎದೆಯ ಕೂದಲನ್ನು ತಾನೇ ಕಿತ್ತು ಕಿತ್ತು ಆ ಹುಲ್ಲಿನ ಮೇಲೆ ಹಾಸತೊಡಗಿದಳು. ಅದಿತಿ ಅತ್ತೇಬಿಟ್ಟಳು.

ಅಮ್ಮನಿಗೆ ವಿಡಿಯೋ ಕಾಲ್ ಮಾಡಿ ತೋರಿಸಿದೆ. ಅಮ್ಮ ಕನ್ನಡಕ ಏರಿಸಿ ನೋಡಿ, ಬಸುರಿ ಕಣೇ, ಅಂಗಡಿಯಲ್ಲಿ ಗಂಡೂ ಇದ್ದಿರಬೇಕು ಅಂತ ತೀರ್ಪು ಕೊಟ್ಟಳು. ಅಷ್ಟು ಚಿಕ್ಕ ಮರಿ ಅಂಗಡಿಯಿಂದ ಬಂದು ಮೂರು ತಿಂಗಳಾಗಿದೆ ಅಂತ ಲೆಕ್ಕ ಹಾಕುವ ಬುದ್ಧಿ ನಮಗ್ಯಾರಿಗೂ ಬರಲಿಲ್ಲ. ಬಯಕೆ ತೀರಿಸಬೇಕು ಅಂತ ಅದಿತಿ ಇಂಡಿಯನ್ ಅಂಗಡಿಯಿಂದ ಕೊತ್ತಂಬರಿ ಸೊಪ್ಪು ತಂದು ತಿನ್ನಿಸಿದ್ದೇ ತಿನ್ನಿಸಿದ್ದು. ಶಶಿ ರಟ್ಟಿನ ಪೆಟ್ಟಿಗೆ ಕತ್ತರಿಸಿ ಬಾಣಂತಿ ಕೋಣೆ ಮಾಡಿದ. ಎರಡು ವಾರ ಮನೆಯಲ್ಲಿ ಎಲ್ಲರೂ ಪಿಸುಮಾತಿನಲ್ಲಿ ಮಾತಾಡಿದೆವು. ಮರಿಯೂ ಇಲ್ಲ, ಗಿರಿಯೂ ಇಲ್ಲ. ಒಂದು ದಿನ ಚಿಗಳಿ ಆ ಹಾಸಿಗೆಯನ್ನೆಲ್ಲ ಒದ್ದು ಚೆಲ್ಲಾಪಿಲ್ಲಿ ಮಾಡಿ ಹುಲ್ಲು ತಿನ್ನುತ್ತಾ ಕೂತಳು.

ಹಾಗೆ ಮೊದಲ ಸಲ ಮೊಲಗಳ ಆಸ್ಪತ್ರೆಗೆ ಹೋದದ್ದು. ಅಲ್ಲಿ ಪ್ರಾಣಿಯ ಹೆಸರನ್ನು ಮನೆತನದ ಹೆಸರು ಸೇರಿಸಿ ಕೂಗುತ್ತಾರೆ. ರಾವ್ ಚಿಗಳಿ ಅನ್ನಲು ನಾಲಿಗೆ ಹೊರಳದೆ ರಾವು ಚಿಗರಿ-ಚಾನ್ ಅಂತ ಕೌಂಟರಿನ ಹುಡುಗಿ ಕರೆದಾಗ ಶಶಿಗೆ ನಗು ತಡೆಯಲಾಗಲಿಲ್ಲ. ಡಾಕ್ಟರು ನನ್ನ ವಯಸ್ಸಿನ ಹೆಂಗಸು, ಎಲ್ಲರೂ ಸೆನ್ಸೇ ಅಂತಲೇ ಕರೆಯುತ್ತಾರೆ. ಇದು ಸುಳ್ಳು ಬಸಿರು ಅಂದರು. ಮೊಲ ದೊಡ್ಡವಳಾಗಿದ್ದಾಳೆ, ಮೈಯೇ ಅವಳಿಗೆ ಮೋಸ ಮಾಡಿದೆ, ಅಷ್ಟೇ. ಆದರೆ ಹೆಣ್ಣು ಮೊಲಗಳಿಗೆ ವಯಸ್ಸಾಗುತ್ತಾ ಗರ್ಭಕೋಶದಲ್ಲಿ ಗಡ್ಡೆ ಬರುವುದು ಬಹಳ, ಚಿಕ್ಕವಳಿದ್ದಾಗಲೇ ಆಪರೇಷನ್ ಮಾಡಿ ತೆಗೆಸಿಬಿಡಿ, ಯೋಚನೆ ಮಾಡಿ ಹೇಳಿ ಅಂದರು.

ಯೋಚನೆ ಮಾಡಿದೆವು. ಅದೇ ಮಾಡಿದ್ದು, ಬೇರೇನೂ ಮಾಡಲಿಲ್ಲ. ಚೆನ್ನಾಗಿ ಓಡಾಡಿಕೊಂಡಿರೋ ಪ್ರಾಣಿಯ ಹೊಟ್ಟೆ ಯಾಕೆ ಕೊಯ್ಯಿಸಬೇಕು ಅಂತ ಶಶಿ. ಪಾಪ, ಒಂದು ಸಲವಾದರೂ ಮರಿ ಹಾಕಲಿ ಅಂತ ಅಮ್ಮ. ನಾನು ಇಬ್ಬರನ್ನೂ ಬೈದು, ಮುಂದಿನ ತಿಂಗಳು ಅಂದೆ. ಹೀಗೆ ಒಂದು ವರ್ಷ ಮುಂದಿನ ತಿಂಗಳು ಅಂದೆ.

ನಿಜವಾದ ಕಾರಣ ಬೇರೆ ಇತ್ತು. ಅಷ್ಟು ಹೊತ್ತಿಗೆ ನನಗೇ ತಿಂಗಳಲ್ಲಿ ಹನ್ನೆರಡು, ಹದಿಮೂರು ದಿನ ರಕ್ತ ಹೋಗುತ್ತಿತ್ತು. ವಾರ್ಡ್ ಆಫೀಸು ಹೆಂಗಸರಿಗೆ ಕಳಿಸುವ ಕೂಪನ್ ಹಿಡಿದು ಗರ್ಭಕೋಶದ ತಪಾಸಣೆಗೆ ಹೋಗಿದ್ದೆ. ಇನ್ನೂ ವಿವರವಾಗಿ ಪರೀಕ್ಷೆ ಮಾಡಿಸಬೇಕು ಅಂತ ಅವರು ಒಂದು ಪತ್ರ ಕೊಟ್ಟಿದ್ದರು. ಅದನ್ನು ಸೀರೆ ಪಿನ್ನುಗಳ ಡಬ್ಬಿಯ ಕೆಳಗೆ ಇಟ್ಟಿದ್ದೆ. ಶಶಿಗೆ ಹೇಳಿರಲಿಲ್ಲ. ಮೊಲದ ಗರ್ಭಕೋಶದ ಮಾತು ಮನೆಯಲ್ಲಿ ಎತ್ತಿದರೆ ನನ್ನದರ ಮಾತೂ ಹೊರಗೆ ಬರುತ್ತದೆ ಅನ್ನುವ ಹೆದರಿಕೆ. ಬಿಸಿ ತುಪ್ಪ, ನುಂಗುವುದಕ್ಕೂ ಆಗದು, ಉಗುಳುವುದಕ್ಕೂ ಆಗದು.

ಶಶಿ ಕೆಟ್ಟವನಲ್ಲ, ಕೇಳಿದ್ದರೆ ಅವತ್ತೇ ರಜ ಹಾಕುತ್ತಿದ್ದ. ನಾನು ಬೆಳೆದ ರೀತಿ ಹಾಗೆ. ನಮ್ಮ ಮನೆಯಲ್ಲಿ ಅದಕ್ಕೆ ಹೆಸರೇ ಇರಲಿಲ್ಲ. "ಹೊರಗಡೆ" ಅನ್ನುತ್ತಿದ್ದೆವು, ಅದನ್ನೂ ದನಿ ತಗ್ಗಿಸಿ. ಅಪ್ಪ ಬಂದರೆ ಮಾತು ನಿಲ್ಲುತ್ತಿತ್ತು. ಪ್ಯಾಡನ್ನು ಹಳೇ ಪೇಪರಿನಲ್ಲಿ ಸುತ್ತಿ ಯಾರೂ ನೋಡದ ಹೊತ್ತಿಗೆ ಎಸೆಯಬೇಕು. ಇಲ್ಲಿ ಮನೆಗೆ ಪೇಪರ್ ಬರುವುದಿಲ್ಲ, ಇಂಡಿಯನ್ ಅಂಗಡಿಯ ಕಂದು ಕವರಿನಲ್ಲಿ ಸುತ್ತಿ ಎಸೆಯುತ್ತೇನೆ, ಅಷ್ಟೇ ವ್ಯತ್ಯಾಸ. ಅದಿತಿ ಒಮ್ಮೆ ನೋಡಿ ಕೇಳಿದ್ದಳು. ಹೇಳಿಕೊಟ್ಟೆ, ನಿನಗೂ ಮುಂದೆ ಹೀಗೆ ಆಗುತ್ತದೆ, ಆದರೆ ಅಪ್ಪನ ಮುಂದೆ, ಬೇರೆಯವರ ಮುಂದೆ ಇದನ್ನೆಲ್ಲ ಮಾತಾಡಬಾರದು ಅಂತ. ಒಳ್ಳೆ ತಾಯಿಯ ಕೆಲಸ ಮಾಡಿದೆ ಅಂದುಕೊಂಡಿದ್ದೆ.

ಈ ವರ್ಷದ ಗೌರಿ ಹಬ್ಬಕ್ಕೆ ಹತ್ತಿರದ ಫುನಾಬೊರಿಯಿಂದ ನಮ್ಮ ಕಡೆಯ ಎರಡು ಸಂಸಾರ ಬಂದಿದ್ದವು. ಬಾಗಿನ ಕೊಟ್ಟಾಯಿತು, ಎಲ್ಲರೂ ಊಟಕ್ಕೆ ಕೂತಿದ್ದರು, ನಾನು ಹೋಳಿಗೆಗೆ ತುಪ್ಪ ಬಡಿಸುತ್ತಿದ್ದೆ. ಅದಿತಿ ಗೂಡಿನ ಕಡೆಯಿಂದ ಓಡಿ ಬಂದು, ಚಿಗಳಿಯ ಉಚ್ಚೆ ಶೀಟಿನ ಮೇಲೆ ಕೆಂಪಗೆ ರಕ್ತದ ತರ ಇದೆ ಅಂತ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು. ನನ್ನ ಮುಖಕ್ಕೆ ಬೆಂಕಿ ಬಿದ್ದ ಹಾಗಾಯಿತು. ಗಂಡಸರೆಲ್ಲ ಎಲೆ ನೋಡಿಕೊಂಡು ಕೂತರು. ನಾನು ಅವಳ ಕೈ ಹಿಡಿದು ಪಕ್ಕಕ್ಕೆ ಎಳೆದು, "ಶ್! ಊಟದ ಹೊತ್ತಲ್ಲಿ, ಎಲ್ಲರ ಮುಂದೆ ಅದನ್ನೆಲ್ಲ ಹೇಳಬಾರದು ಅಂತ ಹೇಳಿಲ್ವಾ?" ಅಂದೆ.

ಸಂಜೆ ಎಲ್ಲರೂ ಹೋದ ಮೇಲೆ ಫೋನಿನಲ್ಲಿ ಹುಡುಕಿದೆ. ಮೊಲ ತಿಂದಿದ್ದರ ಮೇಲೆ ಉಚ್ಚೆ ಕೆಂಪಾಗುವುದೂ ಉಂಟು ಅಂತ ಇತ್ತು. ಕೋಸಂಬರಿಗೆ ತುರಿದು ಉಳಿದ ಕ್ಯಾರೆಟ್ಟನ್ನು ಅವತ್ತು ಅವಳಿಗೇ ಹಾಕಿದ್ದೆ. ಸರಿ, ಅದೇ ಇರಬೇಕು. ಬೇಕಾದ ಉತ್ತರ ಸಿಕ್ಕಿತು, ಫೋನ್ ಕೆಳಗಿಟ್ಟೆ.

ನವೆಂಬರ್ ಬಂತು. ಚಿಗಳಿ ಸಪ್ಪಗಾಗಿದ್ದಳು. ಬಾಲ್ಕನಿ ಬಾಗಿಲು ತೆಗೆದರೂ ಎದ್ದು ಬರುತ್ತಿರಲಿಲ್ಲ. ಚಳಿಗೆ ಹೀಗೆ ಅಂದುಕೊಂಡೆ. ಒಂದು ಮಧ್ಯಾಹ್ನ ಒಂದು ಮೀಟಿಂಗ್ ರದ್ದಾಗಿ, ಕೂರಲಾರದೆ ಗೂಡನ್ನು ಸರಿಸಿ ವ್ಯಾಕ್ಯೂಮ್ ಮಾಡುತ್ತಿದ್ದೆ. ಅದರ ಹಿಂದೆ ಗೋಡೆಗೆ ಟೇಪ್ ಹಾಕಿ ಒಂದು ಚಿಕ್ಕ ಕ್ಯಾಲೆಂಡರ್ ಅಂಟಿಸಿತ್ತು. ಅದರಲ್ಲಿ ಕೆಂಪು ದುಂಡನೆ ಸ್ಟಿಕ್ಕರುಗಳು. ಆಗಸ್ಟಿನಲ್ಲಿ ಎರಡು. ಸೆಪ್ಟೆಂಬರಿನಲ್ಲಿ ಐದಾರು. ಅಕ್ಟೋಬರಿನಲ್ಲಿ ಒಂದು ದಿನ ಬಿಟ್ಟು ಒಂದು ದಿನ. ನವೆಂಬರಿನಲ್ಲಿ ಅವತ್ತಿನ ತನಕ ಖಾಲಿ ಚೌಕವೇ ಇರಲಿಲ್ಲ.

ಎದೆ ಧಸಕ್ಕೆಂದಿತು. ಹತ್ತು ವರ್ಷಕ್ಕೇ ನನ್ನ ಮಗಳು ದೊಡ್ಡವಳಾಗಿದ್ದಾಳೆ, ನನಗೆ ಹೇಳಿಲ್ಲ, ಮತ್ತು ಇದು ನಿಲ್ಲುತ್ತಲೇ ಇಲ್ಲ. ಅವಳು ಶಾಲೆಯಿಂದ ಬರುವ ತನಕ ಬಾಗಿಲಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಬಾಗಿಲಿಗೆ ಎಷ್ಟು ಸಲ ಓಡಾಡಿದೆನೋ. ಬಂದವಳು ಶೂಸ್ ಬಿಚ್ಚುವ ಮುಂಚೆಯೇ ಕ್ಯಾಲೆಂಡರ್ ಹಿಡಿದು ಇದೇನು ಅಂದೆ. ಅವಳು ಹೆದರಿ ಕನ್ನಡದಲ್ಲಿ ಉತ್ತರ ಕೊಟ್ಟಳು.

"ನಂದಲ್ಲ. ಚಿಗಳಿದು. ಶುರು ಆದ್ರೆ ಕ್ಯಾಲೆಂಡರಲ್ಲಿ ಮಾರ್ಕ್ ಮಾಡ್ಬೇಕು ಅಂತ ಸ್ಕೂಲಲ್ಲಿ ಹೇಳಿದ್ರು."

ನನಗೆ ಯಾಕೆ ಹೇಳಲಿಲ್ಲ ಅಂತ ಗದರಿದೆ.

"ಹೇಳಿದೆ. ಗೌರಿ ಹಬ್ಬದ ದಿನ. ನೀನು ಶ್ ಅಂದೆ."

ಆಮೇಲೆ ಎಲ್ಲ ತೋರಿಸಿದಳು. ದಿನಾ ಶಾಲೆಗೆ ಹೋಗುವ ಮುಂಚೆ, ಅಪ್ಪ ಸ್ನಾನಕ್ಕೆ ಹೋದಾಗ, ಕೆಂಪಾದ ಶೀಟನ್ನು ತೆಗೆದು ಹೊಸದು ಹಾಸುತ್ತಿದ್ದಳು. ತೆಗೆದದ್ದನ್ನು ಇಂಡಿಯನ್ ಅಂಗಡಿಯ ಕಂದು ಕವರಿನಲ್ಲಿ ಸುತ್ತಿ ಕಸದ ಚೀಲದ ತಳಕ್ಕೆ ಹಾಕುತ್ತಿದ್ದಳು. ನಾನು ಮಾಡುವ ಹಾಗೇ, ಒಂದು ಮಡಿಕೆಯೂ ತಪ್ಪದೆ. ಗೂಡಿನ ಕೆಲಸವೆಲ್ಲ ಹೇಳಿಸಿಕೊಳ್ಳದೆ ಮಾಡುತ್ತಾಳೆ ಅಂತ ನಾನು ಫುನಾಬೊರಿಯವರ ಹತ್ತಿರ ಹೊಗಳಿಕೊಂಡಿದ್ದೆ. ಮೊಲಕ್ಕೆ ಮುಟ್ಟು ಆಗುವುದೇ ಇಲ್ಲ ಅಂತ ಅವಳಿಗೆ ಗೊತ್ತಿರಲಿಲ್ಲ. ನನಗೂ ಸರಿಯಾಗಿ ಗೊತ್ತಿರಲಿಲ್ಲ. ಅವತ್ತೇ, ಆಸ್ಪತ್ರೆಗೆ ಫೋನ್ ಮಾಡಿದಾಗ ಗೊತ್ತಾಯಿತು. ಮೊಲದಲ್ಲಿ ರಕ್ತ ಕಂಡರೆ ಅದು ಯಾವತ್ತೂ ಕಾಯಿಲೆಯೇ, ಈಗಲೇ ಕರೆದುಕೊಂಡು ಬನ್ನಿ ಅಂದರು.

ಚಿಗಳಿಯನ್ನು ಬುಟ್ಟಿಯಲ್ಲಿಟ್ಟು ರೈಲು ಹತ್ತಿದೆವು. ಶಶಿ ಆಫೀಸಿನಿಂದ ನೇರ ಅಲ್ಲಿಗೇ ಬಂದ. ಆ ವೇಟಿಂಗ್ ರೂಮಿನಲ್ಲಿ ಯಾರೂ ಮಾತಾಡುವುದಿಲ್ಲ, ಮೊಲಗಳು ಹೆದರುತ್ತವೆ ಅಂತ. ನನ್ನ ಕಾಲು ಸುಮ್ಮನಿರಲಿಲ್ಲ, ನೆಲಕ್ಕೆ ಟಪ ಟಪ ಬಡಿಯುತ್ತಿತ್ತು. ಎದುರು ಕೂತ ಅಜ್ಜಿ ತನ್ನ ಬುಟ್ಟಿಯ ಮೇಲೆ ಟವಲ್ ಎಳೆದುಕೊಂಡರು. ಸುಮಿಮಾಸೆನ್, ಕ್ಷಮಿಸಿ ಅಂದೆ. ಒಂದು ನಿಮಿಷ ಬಿಟ್ಟು ಮತ್ತೆ ಟಪ ಟಪ. ಆಗ ಆ ಅಜ್ಜಿಯೇ ಎದ್ದು ಬಂದು ನನ್ನ ಪಕ್ಕ ಕೂತು, ಏನಾಗಿದೆ ಅಂತ ವಿಚಾರಿಸಿ, ತಮ್ಮ ಮೊಲಕ್ಕೂ ಹೀಗೇ ಆಗಿ ಗರ್ಭಕೋಶದ ಆಪರೇಷನ್ ಆಗಿತ್ತು, ಅದಕ್ಕೀಗ ಏಳು ವರ್ಷ ವಯಸ್ಸು ಅಂತ ಟವಲ್ ಸರಿಸಿ ತೋರಿಸಿದರು. ಒಳಗೆ ಬಿಳೀ ಮುದುಕಿಯೊಂದು ಬಾಯಿ ಆಡಿಸುತ್ತಾ ಕೂತಿತ್ತು. ಆ ಅಜ್ಜಿಗೆ ನಾನು ಅವತ್ತು ಸರಿಯಾಗಿ ಅರಿಗಾತೋ ಅಂತ ಒಂದು ಥ್ಯಾಂಕ್ಸ್ ಕೂಡ ಹೇಳಲಿಲ್ಲ.

ಸ್ಕ್ಯಾನಿನಲ್ಲಿ ಗರ್ಭಕೋಶ ಊದಿಕೊಂಡು ಗಂಟುಗಂಟಾಗಿರುವುದು ಕಂಡಿತು. ಯಾವಾಗಿನಿಂದ ರಕ್ತ ಅಂತ ಸೆನ್ಸೇ ಕೇಳಿದರು. ಅದಿತಿ ಕ್ಯಾಲೆಂಡರ್ ಮುಂದಿಟ್ಟಳು. ಸೆನ್ಸೇ ಒಂದೊಂದೇ ತಿಂಗಳು ತಿರುಗಿಸಿ ನೋಡಿ, ಇಷ್ಟು ಚೆನ್ನಾಗಿ ಬರೆದಿಟ್ಟವರನ್ನು ನಾನು ನೋಡೇ ಇಲ್ಲ, ಇದರಿಂದ ನನಗೆ ಬಹಳ ಉಪಕಾರ ಅಂದರು. ಹೊಗಳಿಕೆ ಅವಳಿಗೆ, ನಾನು ನೆಲ ನೋಡುತ್ತಿದ್ದೆ. ರಕ್ತ ತುಂಬ ಕಡಿಮೆಯಾಗಿದೆ, ಆಪರೇಷನ್ ಟೇಬಲ್ಲಿನ ಮೇಲೆಯೇ ಹೋಗಿಬಿಡಬಹುದು, ಮಾಡದಿದ್ದರೆ ಖಂಡಿತ ಉಳಿಯುವುದಿಲ್ಲ ಅಂತ ಸೆನ್ಸೇ ನೇರವಾಗಿ ಹೇಳಿದರು. ಶಶಿ ಮಗಳನ್ನು ಪಕ್ಕಕ್ಕೆ ಕರೆದು, ನನಗಾದರೂ ಹೇಳಬಹುದಿತ್ತಲ್ಲ ಪುಟ್ಟಾ ಅಂದ. ಅಪ್ಪನ ಮುಂದೆ ಹೇಳಬಾರದು ಅಂತ ಅಮ್ಮ ಹೇಳಿದ್ದಾಳೆ ಅಂದಳು. ಶಶಿ ನನ್ನ ಕಡೆ ತಿರುಗಿ ನೋಡಿದ. ಬೈದಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ.

ಆಪರೇಷನ್ ಎರಡು ದಿನ ಬಿಟ್ಟು. ಹಿಂದಿನ ದಿನದಿಂದ ಊಟ ನಿಲ್ಲಿಸಬೇಕಾ ಅಂತ ಕೇಳಿದ್ದಕ್ಕೆ, ಮೊಲ ಉಪವಾಸ ಇರಲೇಬಾರದು, ಹೊಟ್ಟೆ ಕೆಲಸ ನಿಲ್ಲಿಸಿದರೆ ಅದೇ ಸಾವು ಅಂದರು. ಆ ಉಪವಾಸ ನಾನು ಮಾಡಿದೆ. ದೇವರಿಗೆ ಹೇಳಿಕೊಂಡು ಮಾಡಿದ್ದೇನಲ್ಲ, ತಟ್ಟೆ ಹಾಕಿಕೊಳ್ಳಲಿಲ್ಲ ಅಷ್ಟೇ. ಬೆಳಗ್ಗೆ ಅವಳನ್ನು ಬಿಟ್ಟು ಬಂದೆವು. ಮಧ್ಯಾಹ್ನದೊಳಗೆ ಫೋನ್ ಮಾಡುತ್ತೇವೆ ಅಂದಿದ್ದರು. ಮನೆಯಲ್ಲಿ ಕೂರಲಾಗದೆ ಪಾರ್ಕಿನ ಸುತ್ತ ನಡೆದೆ. ಕೊಂಬಿನಿ ಅಂಗಡಿಗೆ ಹೋಗಿ ಏನೂ ಕೊಳ್ಳದೆ ಹೊರಗೆ ಬಂದೆ, ಮತ್ತೆ ಹೋದೆ. ಫೋನ್ ಸೈಲೆಂಟಿನಲ್ಲಿದೆಯಾ ಅಂತ ಹೆಜ್ಜೆಗೊಂದು ಸಲ ನೋಡಿದೆ. ನಡೆಯುತ್ತಾ ನಡೆಯುತ್ತಾ ನನಗೇ ರಕ್ತ ಹೋಗುತ್ತಿತ್ತು, ಒಂಬತ್ತನೇ ದಿನ. ಬೆಂಚು ಕಂಡರೂ ಕೂರಲಿಲ್ಲ, ಕಪ್ಪು ಪ್ಯಾಂಟ್ ಹಾಕಿಕೊಂಡು ಬರುವುದು ಮರೆತಿದ್ದೆ.

ಫೋನ್ ಬಂದಾಗ ಸಿಗ್ನಲ್ಲಿನಲ್ಲಿ ನಿಂತಿದ್ದೆ. ಆಪರೇಷನ್ ಮುಗಿಯಿತು, ಎಚ್ಚರ ಬಂದಿದೆ, ಆದರೆ ತಿನ್ನುವ ತನಕ ಏನೂ ಹೇಳಲಾಗದು ಅಂದರು. ಹಸಿರು ದೀಪ ಎರಡು ಸಲ ಬಂದು ಹೋಯಿತು, ನಾನು ದಾಟಲಿಲ್ಲ.

ಮಾರನೆಯ ದಿನ ಮನೆಗೆ ಕರೆತಂದೆವು. ಹೊಟ್ಟೆಗೆ ಒಂದು ಬಟ್ಟೆಯ ಅಂಗಿ ತೊಡಿಸಿದ್ದರು, ಅದರಲ್ಲಿ ಅವಳು ಮುನಿಸಿಕೊಂಡ ನೆಂಟರ ಹಾಗೆ ಮೂಲೆಯಲ್ಲಿ ಕೂತಿದ್ದಳು. ತಿನ್ನಲಿಲ್ಲ. ಹುಲ್ಲಿನ ಪುಡಿಯನ್ನು ಗಂಜಿಯ ಹಾಗೆ ಕಲಸಿ ಸಿರಿಂಜಿನಲ್ಲಿ ಬಾಯಿಯ ಪಕ್ಕದಿಂದ ಹಾಕಬೇಕು. ನಾನು ಹಾಕಿದರೆ ಅವಸರ, ಎಲ್ಲ ಹೊರಗೆ ಚೆಲ್ಲುತ್ತಿತ್ತು. ಶಶಿ ಕೂತ. ರಜ ಹಾಕಿ, ಅವಳನ್ನು ಟವಲಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು, ಹನಿ ಹನಿಯಾಗಿ ಹಾಕುತ್ತಿದ್ದ. ಗರ್ಭಕೋಶ ಅನ್ನುವ ಮಾತು ಬಂದರೆ "ಆ ಪಾರ್ಟು" ಅನ್ನುತ್ತಿದ್ದ ಮನುಷ್ಯ ಹೊಲಿಗೆ ಒಣಗಿದೆಯಾ, ಕೀವು ಇದೆಯಾ ಅಂತ ಕನ್ನಡಕ ಹಾಕಿಕೊಂಡು ನೋಡುತ್ತಿದ್ದ. ಅಮ್ಮನ ಫೋನು ಬೆಳಗ್ಗೆ ಒಂದು, ಸಂಜೆ ಒಂದು. ಹಿಕ್ಕೆ ಹಾಕಿದಳಾ? ಇಲ್ಲಮ್ಮ.

ಎರಡನೇ ದಿನ ಸಂಜೆ ಅದಿತಿ ಕೂಗಿದಳು. ಓಡಿದೆವು. ಶೀಟಿನ ಮೇಲೆ ಕಡ್ಲೆಕಾಳಿಗಿಂತ ಚಿಕ್ಕ ನಾಲ್ಕು ಹಿಕ್ಕೆ. ಶೀಟು ಬೆಳ್ಳಗಿತ್ತು. ನಾವು ಮೂವರೂ ಮಂಡಿಯೂರಿ ಅದನ್ನು ನೋಡಿದ ಹಾಗೆ ನಮ್ಮ ದೇವರ ಮುಂದೆಯೂ ಯಾವತ್ತೂ ಕೂತವರಲ್ಲ. ಶಶಿ ಫೋಟೋ ತೆಗೆದು ನಮ್ಮಮ್ಮನಿಗೆ ಕಳಿಸಿದ. ಸ್ವಲ್ಪ ಹೊತ್ತಿಗೆ ಚಿಗಳಿ ಒಂದು ಕೊತ್ತಂಬರಿ ಎಲೆಯನ್ನು ಮೂಸಿ ಎಳೆದುಕೊಂಡಳು. ನಾನು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ಬಿಕ್ಕಿ ಬಿಕ್ಕಿ ಅತ್ತೆ.

ಹತ್ತು ದಿನಕ್ಕೆ, ತೆಗೆದ ಗರ್ಭಕೋಶದ ಪರೀಕ್ಷೆಯ ಫಲಿತಾಂಶ ಬಂತು. ಗಂಟುಗಳಲ್ಲಿ ಒಂದು ಕೆಟ್ಟದ್ದು, ಆದರೆ ಗರ್ಭಕೋಶದ ಗೋಡೆ ದಾಟಿರಲಿಲ್ಲ. ಶ್ವಾಸಕೋಶಕ್ಕೆ ಹರಡಿದೆಯಾ ಅಂತ ನೋಡಲು ಮೂರು ತಿಂಗಳಿಗೊಮ್ಮೆ ಎದೆಯ ಎಕ್ಸ್‌ರೇ ತೆಗೆಸಬೇಕು. ಇನ್ನೂ ಒಂದು ತಿಂಗಳು ತಡವಾಗಿದ್ದರೆ ಅಂತ ಶಶಿ ಕೇಳಿದ. ಸೆನ್ಸೇ ಚಿಗಳಿಯ ಕಿವಿ ಸವರಿದರು.

ಅವತ್ತು ಸಂಜೆ ಊಟಕ್ಕೆ ಸಾರು ಅನ್ನ, ಹಪ್ಪಳ. ಚಿಗಳಿ ಟೇಬಲ್ಲಿನ ಕೆಳಗೆ ಓಡಾಡುತ್ತಿದ್ದಳು. ನಾನು ಬಡಿಸಿ ಕೂತೆ, ಎದ್ದೆ, ಉಪ್ಪಿನಕಾಯಿ ತಂದೆ, ಕೂತೆ, ಮತ್ತೆ ಎದ್ದು ನೀರು ತಂದೆ. ಎಲ್ಲಿ ಹೋಗ್ತೀಯಾ, ಕೂತ್ಕೋ ಅಂತ ಶಶಿ ಅಂದ. ಒಳಗೆ ಹೋಗಿ ಸೀರೆ ಪಿನ್ನಿನ ಡಬ್ಬಿಯ ಕೆಳಗಿದ್ದ ಪತ್ರ ತಂದು ಟೇಬಲ್ಲಿನ ಮೇಲಿಟ್ಟೆ. ನನಗೂ ರಕ್ತ ಹೋಗ್ತಿದೆ, ನಿಲ್ತಾ ಇಲ್ಲ ಅಂದೆ. ಊಟದ ಹೊತ್ತಲ್ಲಿ, ಮಗಳ ಮುಂದೆ, ಗಂಡನ ಮುಂದೆ, ದನಿ ತಗ್ಗಿಸದೆ. ಶಶಿಯ ಕೈ ತಟ್ಟೆಯಲ್ಲೇ ನಿಂತಿತು. ಅವನು ಏಳಲಿಲ್ಲ. ಎಡಗೈಯಲ್ಲಿ ಪತ್ರ ಎಳೆದುಕೊಂಡು ಓದತೊಡಗಿದ, ಮೇಲಿದ್ದ ತಾರೀಖು ನೋಡಿ ಅವನ ಮುಖ ಬಿಳಿಚಿಕೊಂಡಿತು.

ಅದಿತಿ ಕೈ ತೊಳೆದುಕೊಂಡು ಬಂದಳು. ಗೋಡೆಯಿಂದ ಕ್ಯಾಲೆಂಡರ್ ಬಿಡಿಸಿಕೊಂಡು ಬಂದು, ಡಿಸೆಂಬರಿನ ಹಾಳೆ ತಿರುಗಿಸಿ ನನ್ನ ತಟ್ಟೆಯ ಪಕ್ಕ ಇಟ್ಟಳು. ಆಪರೇಷನ್ ಆದ ಮೇಲೆ ತಾನೇ ಚಿಗಳಿ ಅಂತ ಬರೆದಿದ್ದನ್ನು ಹೊಡೆದು ಹಾಕಿ, ಮೇಲೆ ಅಮ್ಮ ಅಂತ ಬರೆದಳು, ಕನ್ನಡದಲ್ಲಿ, ಸ್ವಲ್ಪ ಸೊಟ್ಟಗೆ. ಕೆಂಪು ಸ್ಟಿಕ್ಕರಿನ ಹಾಳೆ ಕೈಯಲ್ಲಿ ಹಿಡಿದು ಕೇಳಿದಳು.

"ಯಾವತ್ತಿಂದ ಅಮ್ಮಾ?"

ಇಬ್ಬರೂ ಕಾಯುತ್ತಿದ್ದರು. ನನ್ನ ಕಾಲು ಆಡುತ್ತಿರಲಿಲ್ಲ. ಹೋದ ವರ್ಷದಿಂದ ಅಂದೆ.